ಬ್ರಷ್ ತೊಳೆಯುವ ಅಪ್ಪ ಅಮ್ಮ: ಕಡಿಮೆ ಫೀಸಿನ ಶಾಲೆಯ ಒಳಲೆಕ್ಕ

ಮಗಳ ಶಾಲೆಯಲ್ಲಿ ಪೋಷಕರೂ ಪಾಳಿ ಹಾಕಿಕೊಂಡು ಕೆಲಸ ಮಾಡಬೇಕು. ನನ್ನ ಪಾಲಿಗೆ ಬಂದ ಕೆಲಸ ಬಣ್ಣದ ಬ್ರಷ್ ತೊಳೆಯುವುದು. ವಾರಕ್ಕೊಂದು ಬೆಳಿಗ್ಗೆ, ಎರಡು ಗಂಟೆ. ಅದೂ ನನ್ನ ಮಗಳ ತರಗತಿಯಲ್ಲಲ್ಲ, ಪಕ್ಕದ ತರಗತಿಯಲ್ಲಿ. ಯಾಕೆ ಹೀಗೆ ಎಂದು ಮೊದಲ ದಿನವೇ ಕೇಳಿದ್ದೆ. ‘ಅಮ್ಮ ಎದುರಿಗಿದ್ರೆ ಮಕ್ಕಳು ವಿದ್ಯಾರ್ಥಿಗಳಾಗಿರಲ್ಲ, ಮಗ-ಮಗಳಾಗಿಬಿಡ್ತಾರೆ’ ಎಂದರು ಟೀಚರ್.

ಏಳೆಂಟು ವರ್ಷದ ಮಕ್ಕಳು. ಅರ್ಧ ಜನ ಒಳಗೆ ನನ್ನ ಜೊತೆ ಬಣ್ಣ ಬಳಿಯುತ್ತಿದ್ದರು. ಉಳಿದವರು ಅಂಗಳದಲ್ಲಿ ಒಂದು ಕೋಲು ನೆಟ್ಟು, ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಹತ್ತು ಗಂಟೆಯ ಗುರುತಿಗಿಂತ ಹನ್ನೊಂದರ ನೆರಳು ಗಿಡ್ಡವಾಗಿತ್ತು. ‘ಕೋಲು ಮಣ್ಣೊಳಗೆ ಇಳೀತಿದೆ’ ಎಂದ ಒಬ್ಬ ಹುಡುಗ. ಟೀಚರ್ ತಪ್ಪು ಅನ್ನಲಿಲ್ಲ. ‘ಹೌದಾ? ಅಳೆದು ನೋಡೋಣ್ವಾ?’ ಎಂದರು. ಅಳೆಯುವುದು ಹೇಗೆ ಎನ್ನುವ ಜಗಳದಲ್ಲೇ ಅರ್ಧ ಗಂಟೆ ಕಳೆಯಿತು. ಕೊನೆಗೆ ಒಬ್ಬಳು ತನ್ನ ಸೊಂಟದ ಎತ್ತರಕ್ಕೆ ಹಿಡಿದು ನೋಡಿ, ಕೋಲು ಇದ್ದಷ್ಟೇ ಇದೆ ಎಂದು ತೀರ್ಪು ಕೊಟ್ಟಳು.

ಈ ಶಾಲೆಯ ಫೀಸ್ ಸುತ್ತಲಿನ ಖಾಸಗಿ ಶಾಲೆಗಳಿಗಿಂತ ಕಡಿಮೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದೆಲ್ಲ ಇಷ್ಟು ಕಡಿಮೆ ದುಡ್ಡಿನಲ್ಲಿ ಹೇಗೆ ಆಗುತ್ತೆ? ಉತ್ತರ ಆ ಬೆಳಿಗ್ಗೆಯ ಒಳಗೇ ಇದೆ. ಆದರೆ ಅದು ನಾನು ತೊಳೆದ ಬ್ರಷ್‌ನಲ್ಲಿ ಇರಲಿಲ್ಲ. ಅದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲು ಲೆಕ್ಕ ನೋಡೋಣ. ಶಾಲೆ ನಡೆಸುವ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದು. ಕಟ್ಟಡ, ಕರೆಂಟು, ಪುಸ್ತಕ, ಆಟದ ಸಾಮಾನು ಎಲ್ಲ ಆಮೇಲೆ. ಒಬ್ಬ ಟೀಚರ್‌ನ ವರ್ಷದ ಸಂಬಳ 100 ಅಂದುಕೊಳ್ಳಿ. ಅದು ಯಾವ ದೇಶದ ದುಡ್ಡು ಎನ್ನುವುದು ಬೇಡ, ಸುಮ್ನೆ 100. ಆ ತರಗತಿಯ ಉಳಿದ ಖರ್ಚು 50. ಒಟ್ಟು 150. ತರಗತಿಯಲ್ಲಿ 25 ಮಕ್ಕಳಿದ್ದರೆ ಒಬ್ಬರಿಗೆ 6 ಬೀಳುತ್ತದೆ. 15 ಮಕ್ಕಳಿದ್ದರೆ 10. ಅಷ್ಟೇ. ಶಾಲೆಗೆ ಒಂದು ಪೈಸೆ ಲಾಭ ಬೇಡ ಅಂದರೂ, ಮಕ್ಕಳ ಸಂಖ್ಯೆ ಇಳಿಸಿದ ಕೂಡಲೇ ಫೀಸ್ ಏರುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಎಲ್ಲ ಬಗೆಯ ಮನೆಗಳ ಮಕ್ಕಳೂ ಬರಲಿ ಎಂದು 15ರಲ್ಲಿ 5 ಮಕ್ಕಳಿಗೆ ಅರ್ಧ ಫೀಸ್ ಮಾಡಿದರೆ? ಆಗ ಪೂರ್ತಿ ಕಟ್ಟುವ 10 ಮನೆಗಳ ಪಾಲು ತಲಾ 12ಕ್ಕೆ ಹೋಗುತ್ತದೆ, ಉಳಿದ 5 ಮನೆಗಳದ್ದು ತಲಾ 6. ಅಂದರೆ ಸಣ್ಣ ತರಗತಿ, ಕಡಿಮೆ ಫೀಸ್, ಎಲ್ಲರಿಗೂ ಜಾಗ, ಈ ಮೂರೂ ಒಂದನ್ನೊಂದು ಎಳೆದಾಡುತ್ತವೆ. ಕರಪತ್ರದಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದುಬಿಡಬಹುದು, ಆದರೆ ಲೆಕ್ಕದ ಪುಸ್ತಕ ಒಪ್ಪಬೇಕಲ್ಲ.

ಬೇರೆ ಉದ್ಯಮಗಳ ಹಾಗೆ ಶಾಲೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುವುದೂ ಇಲ್ಲ. ಇದಕ್ಕೆ ಕಾರಣ ವಿವರಿಸಿದವರು ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್, 1960ರ ದಶಕದಲ್ಲಿ. ನಾಲ್ವರು ಕೂತು ನುಡಿಸುವ ಬೀಥೋವನ್‌ನ ಸಂಗೀತಕ್ಕೆ ಆ ಕಾಲದಲ್ಲೂ ನಾಲ್ವರು ಬೇಕಿತ್ತು, ಈಗಲೂ ನಾಲ್ವರೇ ಬೇಕು. ಯಂತ್ರ ತಂದು ಇಬ್ಬರಲ್ಲಿ ಮುಗಿಸೋಣ ಅನ್ನುವ ಹಾಗಿಲ್ಲ. ಆದರೆ ಹೊರಗಿನ ಲೋಕದಲ್ಲಿ ಸಂಬಳ ಏರುತ್ತಲೇ ಇರುತ್ತದೆ, ಅವರಿಗೂ ಏರಿಸಲೇಬೇಕು. ಪಾಠವೂ ಹಾಗೆಯೇ. ಕೋಲಿನ ನೆರಳಿನ ಮುಂದೆ ಒಬ್ಬ ಟೀಚರ್ ಅರ್ಧ ಗಂಟೆ ಕೂರಬೇಕು ಅಂದರೆ ಅರ್ಧ ಗಂಟೆ ಕೂರಲೇಬೇಕು.

ಅದರಲ್ಲೂ ನಮ್ಮದರಂಥ ಪ್ರಗತಿಪರ ಶಾಲೆಗೆ ಈ ಕೂರುವುದೇ ಮುಖ್ಯ. ಕನ್ನಡದಲ್ಲಿ ಪ್ರಗತಿಪರ ಅಂದ ಕೂಡಲೇ ವೇದಿಕೆ, ಭಾಷಣ, ಹೋರಾಟ ನೆನಪಾಗುತ್ತದೆ. ಶಾಲೆಯ ವಿಷಯದಲ್ಲಿ ಅರ್ಥ ಬೇರೆ: ಉರು ಹೊಡೆಸುವ ಬದಲು ಮಾಡಿಸಿ ಕಲಿಸುವುದು, ಮಗುವಿನ ಪ್ರಶ್ನೆಯಿಂದ ಪಾಠ ಶುರು ಮಾಡುವುದು, ಮಾರ್ಕ್ಸ್ ಒಂದನ್ನೇ ಅಳತೆಗೋಲು ಮಾಡದಿರುವುದು. ಈ ದಾರಿಯ ದೊಡ್ಡ ಹೆಸರು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ. 1896ರ ಜನವರಿಯಲ್ಲಿ ಅವರು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಶಾಲೆ ತೆರೆದಾಗ ಇದ್ದದ್ದು 16 ಮಕ್ಕಳು. ಅಡುಗೆ, ನೇಯ್ಗೆ, ಮರಗೆಲಸದ ಮೂಲಕ ಅಲ್ಲಿ ಲೆಕ್ಕ, ವಿಜ್ಞಾನ, ಇತಿಹಾಸ ಕಲಿಯುತ್ತಿದ್ದರು. 1902ರ ಹೊತ್ತಿಗೆ ಮಕ್ಕಳು 140 ಆದರು. ಕಲಿಸಲು 23 ಶಿಕ್ಷಕರು, ಜೊತೆಗೆ ಸಹಾಯಕ್ಕೆ ವಿಶ್ವವಿದ್ಯಾಲಯದ 10 ಪದವೀಧರ ವಿದ್ಯಾರ್ಥಿಗಳು. ಸುಮಾರು ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು! ನಮ್ಮ ಲೆಕ್ಕಕ್ಕೆ ಇದನ್ನು ಹಾಕಿದರೆ ಫೀಸ್ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ. ಆ ಶಾಲೆಯೂ ಬರೀ ಫೀಸ್ ಮೇಲೆ ನಡೆಯಲಿಲ್ಲ, ಹಿತೈಷಿಗಳ ದೇಣಿಗೆ ಬೇಕಾಗುತ್ತಿತ್ತು.

ಹಾಗಾಗಿ ಇಂಥ ಶಾಲೆಯನ್ನು ಅಗ್ಗವಾಗಿ ನಡೆಸಿದವರೆಲ್ಲ ಖರ್ಚನ್ನು ಮಾಯ ಮಾಡಿದವರಲ್ಲ. ಅದನ್ನು ಬೇರೆ ಕಡೆಗೆ ದಾಟಿಸಿದವರು. ಎಲ್ಲಿಗೆ ದಾಟಿಸಿದರು ಎನ್ನುವುದೇ ಕುತೂಹಲದ ಕತೆ.

ಮರಿಯಾ ಮಾಂಟೆಸೊರಿಯವರ ಮೊದಲ ‘ಮಕ್ಕಳ ಮನೆ’ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಶುರುವಾಯಿತು. ಈಗ ಮಾಂಟೆಸೊರಿ ಅಂದರೆ ದುಬಾರಿ ಶಾಲೆಯ ಬೋರ್ಡು ನೆನಪಾಗುತ್ತದೆ, ಆದರೆ ಹುಟ್ಟಿದ್ದು ಪುಕ್ಕಟೆ ಶಾಲೆಯಾಗಿ. ಆ ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಗೆ ಒಂದು ತಲೆನೋವಿತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಸಣ್ಣ ಮಕ್ಕಳು ಗೋಡೆ, ಮೆಟ್ಟಿಲುಗಳನ್ನು ಹಾಳು ಮಾಡುತ್ತಿದ್ದರು. ಆ ರಿಪೇರಿಗೆ ಹೋಗುತ್ತಿದ್ದ ದುಡ್ಡನ್ನೇ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ತಿರುಗಿಸಿದರು. ಹೆತ್ತವರು ದುಡ್ಡು ಕೊಡಬೇಕಿರಲಿಲ್ಲ, ಆದರೆ ಶರತ್ತುಗಳಿದ್ದವು. ಮಗುವನ್ನು ಶುಚಿಯಾಗಿ ಕಳಿಸಬೇಕು. ತಾಯಿ ವಾರಕ್ಕೊಮ್ಮೆಯಾದರೂ ಬಂದು ಶಿಕ್ಷಕಿಯ ಜೊತೆ ಮಗುವಿನ ಬಗ್ಗೆ ಮಾತಾಡಬೇಕು. ಶಿಕ್ಷಕಿಯ ಮನೆಯೂ ಅದೇ ಕಟ್ಟಡದಲ್ಲಿ. ಪೋಷಕರ ಸಭೆಗೆ ಬೇರೆ ದಿನ ಗೊತ್ತು ಮಾಡುವ ಅಗತ್ಯವೇ ಇಲ್ಲ, ಮೆಟ್ಟಿಲ ಮೇಲೆ ಎದುರಾದರೂ ಸಾಕು!

ಎರಡನೆಯದು ಇಟಲಿಯದ್ದೇ. 1945ರಲ್ಲಿ ಯುದ್ಧ ಮುಗಿದ ಬೆನ್ನಿಗೇ ರೆಜ್ಜೊ ಎಮಿಲಿಯಾ ನಗರದ ಹತ್ತಿರದ ವಿಲ್ಲಾ ಚೆಲ್ಲ ಎಂಬ ಹಳ್ಳಿಯ ಜನ ತಾವೇ ಒಂದು ಶಾಲೆ ಕಟ್ಟಲು ಹೊರಟರು. ಬಂಡವಾಳ ಯಾವುದು ಗೊತ್ತಾ? ಓಡಿಹೋದ ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಒಂದು ಟ್ಯಾಂಕ್, ಕೆಲವು ಲಾರಿಗಳು, ಕೆಲವು ಕುದುರೆಗಳು. ಅವನ್ನು ಮಾರಿದರು. ಬಾಂಬ್ ಬಿದ್ದ ಮನೆಗಳ ಇಟ್ಟಿಗೆ ಆಯ್ದು ತಂದರು, ನದಿಯಿಂದ ಮರಳು ತಂದರು. ಸುದ್ದಿ ಕೇಳಿ ಸೈಕಲ್ ಹತ್ತಿ ನೋಡಲು ಹೋದ ಲೋರಿಸ್ ಮಲಗುಝಿ ಎಂಬ ಮೇಷ್ಟ್ರು ಮುಂದೆ ಅಲ್ಲಿನ ಇಡೀ ಕಲಿಕೆಯ ಪದ್ಧತಿಗೇ ರೂಪ ಕೊಟ್ಟರು. ಆದರೆ ನನಗೆ ಮುಖ್ಯ ಅನಿಸುವುದು ಆಮೇಲಿನ ಭಾಗ. 1963ರಿಂದ ನಗರಸಭೆಯೇ ತನ್ನ ಶಾಲೆಗಳನ್ನು ತೆರೆಯಲು ಶುರು ಮಾಡಿತು, ಪೋಷಕರು ಕಟ್ಟಿದ್ದನ್ನೂ ಕ್ರಮೇಣ ವಹಿಸಿಕೊಂಡಿತು. ಬೆವರಿನಿಂದ ಶಾಲೆ ಶುರು ಮಾಡಬಹುದು. ಹತ್ತಾರು ವರ್ಷ ಬರೀ ಬೆವರಿನಿಂದಲೇ ನಡೆಸುವುದು ಬೇರೆಯೇ ಮಾತು.

ಮೂರನೆಯದು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. 1916ರಲ್ಲಿ ಅದೇ ಶಿಕಾಗೊ ವಿಶ್ವವಿದ್ಯಾಲಯದ 12 ಪ್ರಾಧ್ಯಾಪಕರ ಹೆಂಡತಿಯರು ಸೇರಿ ಒಂದು ಸಹಕಾರಿ ಶಿಶುವಿಹಾರ ಮಾಡಿಕೊಂಡರು. ತಾಯಂದಿರು ಪಾಳಿ ಹಾಕಿಕೊಂಡು ಮಕ್ಕಳ ಜೊತೆ ಇರುವುದು, ಹೀಗೆ ಉಳಿದ ಸಮಯದಲ್ಲಿ ತಮ್ಮ ಬೇರೆ ಕೆಲಸ ನೋಡಿಕೊಳ್ಳುವುದು. ಪೋಷಕರ ಸಹಕಾರಿ ಶಾಲೆ ಎಂದು ಈಗ ಕರೆಯುವುದರ ಮೂಲ ರೂಪ ಇದು. ಖರ್ಚು ದಾಟಿದ್ದು ಗೋಡೆಗಲ್ಲ, ಟ್ಯಾಂಕಿಗಲ್ಲ, ಅಮ್ಮಂದಿರ ಸಮಯಕ್ಕೆ.

ಈಗ ಮತ್ತೆ ನಮ್ಮ 150ಕ್ಕೆ ಬರೋಣ. ಪೋಷಕರು ಸೇರಿ ಗುಡಿಸಿ, ಒರೆಸಿ, ಬೆಂಚು ರಿಪೇರಿ ಮಾಡಿ, ಆಫೀಸಿನ ಲೆಕ್ಕ ಬರೆದು ಉಳಿದ ಖರ್ಚನ್ನು 50ರಿಂದ 30ಕ್ಕೆ ಇಳಿಸಿದರು ಅನ್ನಿ. ಒಟ್ಟು 130. 15 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ 8.70 ಹತ್ತಿರ. 10ರಿಂದ ಇಳಿಯಿತು ನಿಜ, ಆದರೆ ದೊಡ್ಡ ತರಗತಿಯ 6ರ ಹತ್ತಿರಕ್ಕೂ ಬರಲಿಲ್ಲ. ನಾನು ತೊಳೆದ ಬ್ರಷ್‌ನ ಬೆಲೆ ಇಷ್ಟೇ.

ಆದರೆ ದಿನವೂ ಒಬ್ಬ ಅಪ್ಪನೋ ಅಮ್ಮನೋ ತರಗತಿಯೊಳಗೆ ಎರಡನೇ ದೊಡ್ಡವರಾಗಿ ಇದ್ದರೆ? ಆಗ ಅದೇ ಟೀಚರ್ 20 ಮಕ್ಕಳನ್ನು ಸಣ್ಣ ತರಗತಿಯಷ್ಟೇ ಹತ್ತಿರದಿಂದ ನೋಡಿಕೊಳ್ಳಬಹುದು. 130ನ್ನು 20ಕ್ಕೆ ಹಂಚಿ: 6.50. ಇಲ್ಲಿದೆ ನೋಡಿ ಗುಟ್ಟು. ಆ ಬೆಳಿಗ್ಗೆ ನಾನು ಅರ್ಧ ಮಕ್ಕಳ ಜೊತೆ ಒಳಗೆ ಇದ್ದದ್ದಕ್ಕೇ ಟೀಚರ್‌ಗೆ ಕೋಲಿನ ಮುಂದೆ ಅರ್ಧ ಗಂಟೆ ಕೂರಲು ಆಯಿತು. ಬ್ರಷ್ ಬರೀ ನೆಪ.

ಹಾಗಂತ ಎರಡನೇ ದೊಡ್ಡವರು ಅಂದರೆ ಎರಡನೇ ಟೀಚರ್ ಅಲ್ಲ. ಇದನ್ನು ಮರೆತ ಶಾಲೆಗಳಲ್ಲಿ ಗೊಂದಲ ಶುರುವಾಗುವುದೇ ಇಲ್ಲಿಂದ. ತರಬೇತಿ ಇಲ್ಲದ ನಾವು ಒಳಗೆ ಹೋದ ಕೂಡಲೇ ಮಾಡುವ ಮೊದಲ ತಪ್ಪು, ಉತ್ತರ ಹೇಳಿಬಿಡುವುದು. ‘ಕೋಲು ಇಳೀತಿಲ್ಲ ಕಂದ, ಸೂರ್ಯ ಮೇಲೆ ಬರ್ತಿದ್ದಾನೆ’ ಎಂದು ನಾನು ಅಲ್ಲಿದ್ದಿದ್ದರೆ ಖಂಡಿತ ಹೇಳಿರುತ್ತಿದ್ದೆ. ಪಾಠ ಅಲ್ಲಿಗೇ ಮುಗಿದುಹೋಗುತ್ತಿತ್ತು. ನ್ಯೂಜಿಲೆಂಡ್‌ನಲ್ಲಿ 1941ರಲ್ಲಿ, ಗಂಡಂದಿರು ಯುದ್ಧಕ್ಕೆ ಹೋಗಿದ್ದ ಕಾಲದಲ್ಲಿ, ಪ್ಲೇಸೆಂಟರ್ ಎಂಬ ಶಿಶುಕೇಂದ್ರಗಳು ಶುರುವಾದವು. ಅವನ್ನು ಪೋಷಕರೇ ನಡೆಸುತ್ತಾರೆ. ಅಲ್ಲಿನ ಪದ್ಧತಿಯಲ್ಲಿ ಪೋಷಕರಿಗೆ ಕಲಿಸುವುದೂ ಒಂದು ಭಾಗ. ಮಗು ಆಡುವುದನ್ನು ಹೇಗೆ ಗಮನಿಸಬೇಕು, ಯಾವಾಗ ಸುಮ್ಮನಿರಬೇಕು ಎಂದು ದೊಡ್ಡವರೂ ಕಲಿಯುತ್ತಾರೆ. ಸುಮ್ಮನಿರುವುದೇ ಕಷ್ಟದ ಪಾಠ ಅನ್ನುವುದು ನನ್ನ ಅನುಭವ.

ಬಾಯಿ ಮುಚ್ಚಿಕೊಳ್ಳುವ ಪಾಠ ಇನ್ನೊಂದಿದೆ. ತರಗತಿಯೊಳಗೆ ಕೂತರೆ ಬೇರೆಯವರ ಮಕ್ಕಳ ಎಲ್ಲವೂ ಕಾಣುತ್ತದೆ. ಯಾರಿಗೆ ಓದಲು ಬರುತ್ತಿಲ್ಲ, ಯಾರು ಚಡ್ಡಿ ಒದ್ದೆ ಮಾಡಿಕೊಂಡರು, ಯಾರು ‘ನಮ್ಮಪ್ಪ ಮನೆಗೇ ಬಂದಿಲ್ಲ’ ಎಂದರು. ಅದು ಸಂಜೆ ಪೋಷಕರ ವಾಟ್ಸಾಪ್ ಗುಂಪಿಗೆ ಬಂದರೆ ಶಾಲೆಯ ಕತೆ ಮುಗಿದಂತೆ. ಒಳಗೆ ಕಂಡದ್ದು ಒಳಗೇ ಇರಬೇಕು ಎಂಬ ನಿಯಮ ಬರಹದಲ್ಲಿ ಇದೆಯಾ, ಒಳಗೆ ಬರುವ ಪ್ರತಿ ದೊಡ್ಡವರ ಹಿನ್ನೆಲೆ ವಿಚಾರಿಸುತ್ತಾರಾ, ಈ ಎರಡು ಕೇಳದೆ ಮಗುವನ್ನು ಸೇರಿಸಬೇಡಿ.

ಇನ್ನು ಪಾಳಿಗೆ ಬರಲಾಗದವರ ಮಾತು. ಹೆಚ್ಚಿನ ಶಾಲೆಗಳಿಗೆ ಹೊಳೆಯುವ ಸುಲಭ ದಾರಿ: ಬರಲಾಗದಿದ್ದರೆ ದುಡ್ಡು ಕಟ್ಟಿ. ನಮ್ಮಲ್ಲೂ ಒಂದು ವರ್ಷ ಹಾಗೆ ಮಾಡಿದರು. ಮೂರು ತಿಂಗಳಲ್ಲಿ ಪಾಳಿಯ ಪಟ್ಟಿಯಲ್ಲಿ ಖಾಲಿ ಜಾಗಗಳೇ ಜಾಸ್ತಿಯಾದವು. ಇದಕ್ಕೆ ಹೊಂದುವ ಒಂದು ಪ್ರಯೋಗ ಇಸ್ರೇಲಿನ ಹೈಫಾ ನಗರದಲ್ಲಿ ನಡೆದಿತ್ತು. ಊರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಅದನ್ನು 2000ದಲ್ಲಿ ಪ್ರಕಟಿಸಿದರು. 10 ಶಿಶುಕೇಂದ್ರಗಳಲ್ಲಿ ಸಂಜೆ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರನ್ನು ಎಣಿಸಿದರು. 6 ಕೇಂದ್ರಗಳಲ್ಲಿ ತಡವಾದರೆ ಸಣ್ಣ ದಂಡ ಎಂದು ಹೇಳಿದರು. ತಡವಾಗುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡರಷ್ಟಾದರು! ಮೊದಲು ‘ಪಾಪ, ಟೀಚರ್ ಕಾಯ್ತಿರ್ತಾರೆ’ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ಸಂಕೋಚ ಅಲ್ಲ, ಬೆಲೆ. ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ನಮ್ಮ ಶಾಲೆಯಲ್ಲೂ ಹಾಗೇ ಆಯಿತು. ನಿಯಮ ಕೈಬಿಟ್ಟರೂ ಪಟ್ಟಿ ತುಂಬಲು ಮತ್ತೊಂದು ವರ್ಷ ಹಿಡಿಯಿತು.

ಆದರೆ ಬರಲಾಗದವರೆಲ್ಲ ಸೋಮಾರಿಗಳಲ್ಲ, ಇದನ್ನು ಒತ್ತಿ ಹೇಳಬೇಕು. ಸಮಯ ಎಲ್ಲರ ಹತ್ತಿರ ಸಮನಾಗಿ ಇರುತ್ತೆ ಅನ್ನುವುದು ಸಮಯ ಇರುವವರ ಮಾತು. ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ, ಒಬ್ಬಳೇ ಮನೆ ತೂಗಿಸುವ ಅಮ್ಮ, ರಜೆ ಹಾಕಿದರೆ ಆ ದಿನದ ಕೂಲಿಯೇ ಹೋಗುವ ಮನೆ, ಇವರಿಗೆ ವಾರಕ್ಕೆ ಎರಡು ಗಂಟೆ ಅಂದರೆ ಅದೂ ಒಂದು ಫೀಸೇ. ರಸೀದಿ ಇಲ್ಲದ ಫೀಸ್. ಕೆಲಸಕ್ಕೆ ಹೋಗದ ಅಮ್ಮಂದಿರು ಹೆಚ್ಚಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿ ಇದು. ಇವತ್ತು ಅದನ್ನು ಹಾಗೇ ತಂದಿಟ್ಟರೆ, ಫೀಸ್ ಕಡಿಮೆ ಇದ್ದರೂ ಬಿಡುವಿರುವ ಮನೆಗಳ ಮಕ್ಕಳಷ್ಟೇ ಸೇರುತ್ತಾರೆ. ತಿಳಿದ ಶಾಲೆಗಳು ಕೆಲಸವನ್ನೇ ಬಗೆಬಗೆಯಾಗಿ ಹಂಚುತ್ತವೆ. ರಾತ್ರಿ ಮನೆಯಲ್ಲೇ ಕೂತು ಲೆಕ್ಕ ಬರೆಯಬಹುದು, ಪುಸ್ತಕಕ್ಕೆ ಬೈಂಡ್ ಹಾಕಬಹುದು, ರಜೆಯ ದಿನ ಅಂಗಳ ಸರಿಮಾಡಬಹುದು. ಅಜ್ಜಿಯೋ ಚಿಕ್ಕಪ್ಪನೋ ಬಂದರೂ ಆಯಿತು. ತೀರಾ ಆಗದ ವರ್ಷ ಏನೂ ಮಾಡದಿದ್ದರೂ ಯಾರೂ ಹುಬ್ಬೇರಿಸಬಾರದು.

ಇಷ್ಟೆಲ್ಲ ಮಾಡಿದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರಾ? ಪ್ರಗತಿಪರ ಶಾಲೆಯ ಬಗ್ಗೆ ಹೆಚ್ಚಿನವರ ಭಯ ಒಂದೇ: ಇಲ್ಲಿ ಆಡಿಕೊಂಡು ಬೆಳೆದ ಮಕ್ಕಳು ಮುಂದೆ ಕಾಲೇಜಿನಲ್ಲಿ ಒದ್ದಾಡುತ್ತಾರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಎಂಟು ವರ್ಷದ ಅಧ್ಯಯನ ಎಂದೇ ಅದರ ಹೆಸರು. ಸುಮಾರು 30 ಶಾಲೆಗಳಿಗೆ ತಮಗೆ ಸರಿ ಕಂಡಂತೆ ಪಾಠ ರೂಪಿಸಲು ಬಿಟ್ಟರು, ಸುಮಾರು 300 ಕಾಲೇಜುಗಳು ಮಾಮೂಲಿ ಪ್ರವೇಶದ ಶರತ್ತುಗಳನ್ನು ಅವರಿಗೆ ಸಡಿಲಿಸಿದವು. ಆಮೇಲೆ ಅಲ್ಲಿಂದ ಬಂದ 1,475 ವಿದ್ಯಾರ್ಥಿಗಳಿಗೆ, ಮಾಮೂಲಿ ಶಾಲೆಯಿಂದ ಬಂದ ಅದೇ ವಯಸ್ಸಿನ, ಅದೇ ಬಗೆಯ ಹಿನ್ನೆಲೆಯ ಒಬ್ಬೊಬ್ಬ ಜೋಡಿ ಹುಡುಕಿ ಹೋಲಿಸಿದರು. ಪ್ರಗತಿಪರ ಶಾಲೆಯವರು ಹಿಂದೆ ಬೀಳಲಿಲ್ಲ, ಮಾರ್ಕ್ಸ್‌ನಲ್ಲಿ ತುಸು ಮುಂದೆಯೇ ಇದ್ದರು. ಹಳೆಯ ಕ್ರಮದಿಂದ ಹೆಚ್ಚು ದೂರ ಹೋದ ಶಾಲೆಗಳವರಂತೂ ಇನ್ನೂ ಮುಂದೆ. ಇದು ಹಳೆಯ ಕಾಲದ, ಆಯ್ದ ಶಾಲೆಗಳ ಮಾತು, ಎಲ್ಲ ಕಡೆಗೂ ಕಣ್ಣುಮುಚ್ಚಿ ಅನ್ವಯಿಸಲು ಬರುವುದಿಲ್ಲ. ಆದರೆ ಆ ಭಯಕ್ಕೆ ಉತ್ತರವಾಗಿ ಸಾಕು.

ಪೋಷಕರ ಪಾಲಿನ ಬಗ್ಗೆ ತಿಳಿದುಬಂದದ್ದು ಇನ್ನೂ ಸ್ವಾರಸ್ಯಕರ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ 2009ರಲ್ಲಿ, ಪ್ರಾಥಮಿಕ ದಾಟಿ ಹದಿವಯಸ್ಸಿಗೆ ಕಾಲಿಡುವ ಮಕ್ಕಳ ಬಗ್ಗೆ ಆಗಿದ್ದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅತಿ ಹೆಚ್ಚು ಫಲ ಕೊಟ್ಟದ್ದು, ಓದು ಯಾಕೆ ಬೇಕು, ಮುಂದೆ ಏನಾಗಬೇಕು ಎಂದು ಮಗುವಿನ ಜೊತೆ ಮಾತಾಡುವುದು, ಅದರ ಮೇಲೆ ಭರವಸೆ ಇಡುವುದು. ಶಾಲೆಗೆ ಹೋಗಿ ಕೈಜೋಡಿಸುವುದರಿಂದ ಮಿತವಾದ ಲಾಭ. ಹೋಂವರ್ಕ್‌ಗೆ ಸಹಾಯ ಮಾಡುವುದರಿಂದ? ಲಾಭ ಕಾಣಲಿಲ್ಲ, ಸಂಬಂಧ ಉಲ್ಟಾ ಇತ್ತು. ಓದಿನಲ್ಲಿ ಒದ್ದಾಡುವ ಮಕ್ಕಳಿಗೇ ನಾವು ಹೆಚ್ಚು ಹೋಂವರ್ಕ್ ಮಾಡಿಸಲು ಕೂರುತ್ತೇವೆ, ಅದೂ ಒಂದು ಕಾರಣ ಇರಬಹುದು. ಏನೇ ಆಗಲಿ, ಅಮ್ಮಂದಿರೇ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲ್ ಕತ್ತರಿಸುವ ‘ಪ್ರಾಜೆಕ್ಟ್’ಗಳನ್ನು ಕುಟುಂಬದ ಸಹಭಾಗಿತ್ವ ಎಂದು ಕರೆಯುವ ಶಾಲೆಯಿಂದ ದೂರ ಇರಿ.

ಹೀಗೆ ಕೈ ಜೋಡಿಸಿದವರಿಗೆ ಬಾಯಿಯೂ ಬರುತ್ತದೆ, ಬರಬೇಕು. ಎಲ್ಲಿಯವರೆಗೆ ಎನ್ನುವುದು ಪ್ರಶ್ನೆ. ಫೀಸ್ ಎಷ್ಟು, ಮಿಕ್ಕ ದುಡ್ಡು ಎಲ್ಲಿಗೆ, ಶಾಲೆಯ ಸಮಯ, ಸೂರು ಸೋರಿದರೆ ಯಾರು ನೋಡಬೇಕು, ಇದರಲ್ಲೆಲ್ಲ ಪೋಷಕರ ಮಾತು ನಡೆಯಬೇಕು. ಪಾಠ ಹೇಗೆ ಮಾಡಬೇಕು, ಒಂದು ಮಗುವಿನ ಬಗ್ಗೆ ಏನು ಬರೆಯಬೇಕು ಎನ್ನುವುದು ಟೀಚರ್‌ಗೆ ಬಿಟ್ಟದ್ದು. ಒಂದು ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, ‘ನಾವು ಇಷ್ಟು ದುಡೀತೀವಿ, ಮಾರ್ಕ್ಸ್ ಕೊಡಿ ಅಂತ ಕೇಳೋ ಹಕ್ಕು ನಮಗಿಲ್ವಾ?’ ಎಂದರು. ಟೀಚರ್ ವಾದಿಸಲಿಲ್ಲ. ಒಂದೇ ಮಗು ವರ್ಷದ ಮೊದಲಲ್ಲಿ, ನಡುವಲ್ಲಿ, ಕೊನೆಯಲ್ಲಿ ಬರೆದ ಮೂರು ಹಾಳೆಗಳನ್ನು ತಂದು, ಹೆಸರು ಹೇಳದೆ ಓದಿದರು. ಮೊದಲ ಹಾಳೆಯಲ್ಲಿ ಇದ್ದದ್ದು ‘ಮಳೆ ಬಂತು’ ಎಂಬ ಎರಡೇ ಪದ. ಮೂರನೆಯದರಲ್ಲಿ ಮಳೆ ಬಂದಾಗ ನಾಯಿಮರಿ ಎಲ್ಲಿ ಅಡಗಿತು, ಯಾಕೆ ಅಲ್ಲೇ ಅಡಗಿತು ಎಂದು ಹಾಳೆಯ ಎರಡೂ ಬದಿಗೆ ಬರೆದಿತ್ತು. ‘ಇದಕ್ಕೆ ಎಷ್ಟು ಹಾಕಲಿ, ಹೇಳಿ’ ಎಂದರು. ಆ ತಂದೆ ಒಪ್ಪಿದರು ಅಂತೇನಲ್ಲ. ಮುಂದಿನ ಸಭೆಯಲ್ಲೂ ಅದೇ ಕೇಳಿದರು. ಆದರೆ ಈ ಸಲ ಹಾಳೆಗಳನ್ನೂ ತನ್ನಿ ಎಂದರು.

ಇಂಥ ಶಾಲೆ ನೋಡಲು ಹೋದರೆ ಗೋಡೆಯ ಮೇಲಿನ ಚಿತ್ರಗಳನ್ನು ಆಮೇಲೆ ನೋಡಿ. ಮೊದಲು ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಖರ್ಚನ್ನು ದಾಟಿಸಲು ಅತಿ ಸುಲಭದ ಜಾಗ ಪೋಷಕರ ಸಮಯ ಅಲ್ಲ, ಟೀಚರ್ ಸಂಬಳ. ನಮ್ಮ 100ನ್ನು 60 ಮಾಡಿದರೆ ಬ್ರಷ್ ತೊಳೆಯುವ ರಗಳೆಯೇ ಬೇಡ, ಫೀಸ್ ತಾನಾಗಿ ಇಳಿಯುತ್ತದೆ. ‘ಸೇವಾ ಮನೋಭಾವದ ಶಿಕ್ಷಕರು’ ಎಂಬ ಮಾತು ಕೇಳಿದರೆ ನನಗೆ ಮೊದಲು ಬರುವ ಅನುಮಾನ ಅದೇ. ಹಾಗೆ ನಡೆಯುವ ಕಡೆ ವರ್ಷಕ್ಕೊಬ್ಬರು ಟೀಚರ್ ಬದಲಾಗುತ್ತಾರೆ, ಕೋಲು ನೆಟ್ಟು ಅರ್ಧ ಗಂಟೆ ಕಾಯುವ ತಾಳ್ಮೆ ಕಲಿತವರು ಕಲಿಯುವಷ್ಟರಲ್ಲಿ ಹೋಗಿಬಿಟ್ಟಿರುತ್ತಾರೆ.

ನಮ್ಮ ಶಾಲೆಯಲ್ಲಿ ಸ್ಟಾಫ್ ರೂಮ್ ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿರುತ್ತಾರೆ. ಆ ವರ್ಷ ಬಂದದ್ದೆಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಉಳಿದದ್ದೆಷ್ಟು, ಎಲ್ಲ ಕೈಬರಹದಲ್ಲಿ. ಕೆಳಗೆ ಇನ್ನೊಂದು ಸಾಲು: ಪೋಷಕರ ಗಂಟೆಗಳು. ದುಡ್ಡಿನ ಲೆಕ್ಕದ ಜೊತೆಗೇ ಅದನ್ನೂ ಬರೆಯುತ್ತಾರೆ. ನಾನು ನೋಡಿದ ವರ್ಷ ಆ ಸಾಲನ್ನು ಯಾರೋ ಪುಟ್ಟ ಕೈಯವರು ಮತ್ತೆ ಕೂಡಿ ನೋಡಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ‘4 ಕಮ್ಮಿ ಇದೆ’ ಎಂದು ಬರೆದಿದ್ದರು.